ಕೊನೆಯ ಬೆಂಚಿನಲ್ಲಿ ಕೂತು ನೋಡುವುದು: ಹೊಸ ಶಿಕ್ಷಕರ ತಯಾರಿ ಮತ್ತು ಒತ್ತಾಸೆ

ವೈದ್ಯರಾಗುವವರು ಚಿಕ್ಕಂದಿನಿಂದ ಆಪರೇಷನ್ ಥಿಯೇಟರಿನಲ್ಲಿ ಕೂತು ಬಂದಿರುವುದಿಲ್ಲ. ಶಿಕ್ಷಕರಾಗುವವರು ಮಾತ್ರ ಪಾಠ ಮಾಡುವುದನ್ನು ವರ್ಷಗಟ್ಟಲೆ ನೋಡಿಯೇ ಬಂದಿರುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು: ಶಾಲೆ ಮುಗಿಸುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಶಿಕ್ಷಕರ ಎದುರು ಸುಮಾರು 13,000 ಗಂಟೆ ಕಳೆದಿರುತ್ತಾನೆ. ಆದರೆ ಅಷ್ಟು ಹೊತ್ತು ಅವನು ನೋಡಿದ್ದು ಏನನ್ನು? ಶಿಕ್ಷಕರು ಬೋರ್ಡಿನ ಮೇಲೆ ಬರೆದದ್ದು ಕಂಡಿದೆ; ಅದೇ ಉದಾಹರಣೆಯನ್ನು ಯಾಕೆ ಆರಿಸಿದರು ಎನ್ನುವುದು ಕಂಡಿಲ್ಲ. ಪ್ರಶ್ನೆ ಕೇಳಿದ್ದು ಕೇಳಿಸಿದೆ. ಆ ಹುಡುಗನನ್ನು ಬಿಟ್ಟು ಈ ಹುಡುಗಿಯನ್ನು ಯಾಕೆ ಕೇಳಿದರು ಎನ್ನುವುದು ಗೊತ್ತಾಗಿಲ್ಲ. ಪಾಠದ ಮುಕ್ಕಾಲು ಕೆಲಸ ಶಿಕ್ಷಕರ ತಲೆಯೊಳಗೆ ನಡೆಯುತ್ತದೆ, ಬೆಂಚಿನಲ್ಲಿ ಕೂತವರಿಗೆ ಅದು ಕಾಣುವುದಿಲ್ಲ. ಹಾಗಾಗಿ ಹೊಸಬರು ತರಗತಿಗೆ ಬಂದಾಗ ತಮಗೆ ಕಂಡದ್ದನ್ನೇ ಮಾಡುತ್ತಾರೆ: ವಿವರಿಸುತ್ತಾರೆ, ಬರೆಯುತ್ತಾರೆ, ‘ಅರ್ಥವಾಯ್ತಾ?’ ಎಂದು ಕೇಳುತ್ತಾರೆ, ಮುಂದಕ್ಕೆ ಹೋಗುತ್ತಾರೆ.

ಶಿಕ್ಷಕರ ತಯಾರಿ ಎಂದರೆ ಈ ಕಾಣದ ಭಾಗವನ್ನು ಕಾಣಿಸುವುದು. ಅದಕ್ಕೆ ಪಕ್ಕದಲ್ಲಿ ಒಬ್ಬರು ಬೇಕು, ಅವರಿಗೆ ಸಮಯ ಬೇಕು. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಒಂದು ಪಾಠವನ್ನು ಹತ್ತಿರದಿಂದ ನೋಡೋಣ. ದಶಮಾಂಶ ಸಂಖ್ಯೆಗಳ ಹೋಲಿಕೆ. ಶಿಕ್ಷಕಿ ಬೋರ್ಡಿನ ಮೇಲೆ 0.35 ಮತ್ತು 0.8 ಬರೆದು ಯಾವುದು ದೊಡ್ಡದು ಎಂದು ಕೇಳುತ್ತಾರೆ. ಕೆಲವು ಮಕ್ಕಳು 0.35 ಎನ್ನುತ್ತಾರೆ, 35 ಎಂಟಕ್ಕಿಂತ ದೊಡ್ಡದಲ್ಲವೇ, ಅದೇ ತರ್ಕ. ಉಳಿದವರು 0.8 ಎನ್ನುತ್ತಾರೆ. ಶಿಕ್ಷಕಿಗೆ ಸಮಾಧಾನ, ಸರಿ ಹೇಳಿದವರನ್ನು ಹೊಗಳಿ ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ತಪ್ಪಿದ್ದು ಇಲ್ಲಿಯೇ. 0.8 ಎಂದ ಮಕ್ಕಳಲ್ಲಿ ಕೆಲವರು ಬೇರೊಂದು ತಪ್ಪು ನಿಯಮ ಹಿಡಿದು ಸರಿ ಉತ್ತರಕ್ಕೆ ಬಂದಿರುತ್ತಾರೆ. ನೂರನೇ ಒಂದು ಭಾಗ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದು ಎಂದು ಕಲಿತದ್ದನ್ನು ಎಳೆದು, ‘ಬಿಂದುವಿನ ನಂತರ ಅಂಕಿ ಹೆಚ್ಚಾದಷ್ಟೂ ಸಂಖ್ಯೆ ಚಿಕ್ಕದು’ ಎಂದುಕೊಂಡಿರುತ್ತಾರೆ. ಆ ಮಗುವಿಗೆ 0.47 ಮತ್ತು 0.3 ಕೊಟ್ಟು ನೋಡಿ, 0.3 ದೊಡ್ಡದು ಎನ್ನುತ್ತದೆ. ಅದೇ ಪ್ರಶ್ನೆಗೆ ಮೊದಲ ಗುಂಪಿನ ಮಗು 0.47 ಎಂದು ಸರಿಯಾಗಿ ಹೇಳಿಬಿಡುತ್ತದೆ, ತನ್ನ ತಪ್ಪು ತರ್ಕದಿಂದಲೇ. ಅಂದರೆ ಯಾವುದಾದರೂ ಒಂದು ಪ್ರಶ್ನೆಯನ್ನಷ್ಟೇ ಕೇಳಿದರೆ ಒಂದು ಗುಂಪು ನಿಮ್ಮ ಕೈಗೆ ಸಿಗುವುದೇ ಇಲ್ಲ.

ಈಗ 0.5 ಮತ್ತು 0.50 ಕೊಡಿ. ಮೊದಲ ಗುಂಪು 0.50 ದೊಡ್ಡದು ಎನ್ನುತ್ತದೆ, ಎರಡನೆಯದು 0.5 ಎನ್ನುತ್ತದೆ, ಸ್ಥಾನಬೆಲೆ ತಿಳಿದ ಮಗು ಎರಡೂ ಒಂದೇ ಎನ್ನುತ್ತದೆ. ಒಂದೇ ಪ್ರಶ್ನೆ ಮೂವರನ್ನೂ ಬೇರೆ ಮಾಡಿತು. ‘ಕೊನೆಯ ಸೊನ್ನೆಗೆ ಬೆಲೆಯಿಲ್ಲ’ ಎಂದು ಬಾಯಿಪಾಠ ಮಾಡಿದ ಮಕ್ಕಳು ಇದನ್ನು ದಾಟಿಬಿಡಬಹುದು, ಆದ್ದರಿಂದ ಮೂರೂ ಪ್ರಶ್ನೆಗಳು ಬೇಕು.

ಇನ್ನು ಪರಿಹಾರ. ‘ಸೊನ್ನೆ ಸೇರಿಸಿ ಅಂಕಿಗಳನ್ನು ಸಮ ಮಾಡಿಕೊಳ್ಳಿ, 0.35 ಮತ್ತು 0.80, ಈಗ ಹೋಲಿಸಿ’ ಎಂಬ ಉಪಾಯ ನಿಮಗೆಲ್ಲ ಗೊತ್ತು. ಉತ್ತರ ಸರಿ ಬರುತ್ತದೆ. ಆದರೆ ಮಗು 35ನ್ನೂ 80ನ್ನೂ ಪೂರ್ಣ ಸಂಖ್ಯೆಗಳಂತೆಯೇ ಹೋಲಿಸಿದೆ, ಅದರ ಆಲೋಚನೆ ಇದ್ದಲ್ಲೇ ಇದೆ. ಹತ್ತು ಸಾಲು, ಹತ್ತು ಕಂಬಗಳ ನೂರು ಚೌಕದ ಹಾಳೆಯಲ್ಲಿ 0.8ಕ್ಕೆ ಎಂಟು ಕಂಬ ಬಣ್ಣ ತುಂಬಿಸಿ, 0.35ಕ್ಕೆ ಮೂರು ಕಂಬ ಮತ್ತು ಐದು ಚೌಕ ತುಂಬಿಸಿದಾಗ ಮಾತ್ರ ಎಂಟು ಎನ್ನುವುದು ಎಂಟು ಏನು ಎಂಬುದು ಕಣ್ಣಿಗೆ ಬೀಳುತ್ತದೆ. ಉಪಾಯ ಆಮೇಲೆ ಬರಲಿ.

ಇಷ್ಟನ್ನು ತಿಳಿಯಲು ಗಣಿತದ ಪದವಿ ಸಾಲದು, ಗಣಿತದ ಪದವೀಧರರಿಗೆ 0.8 ದೊಡ್ಡದೆಂದು ಗೊತ್ತು, ಅಷ್ಟೇ. ಮನಶ್ಶಾಸ್ತ್ರದ ಪತ್ರಿಕೆಯಲ್ಲೂ ಇದು ಸಿಗದು. ಅಮೆರಿಕದ ಶಿಕ್ಷಣ ಸಂಶೋಧಕ ಲೀ ಶುಲ್ಮನ್ 1986ರಲ್ಲಿ ಗುರುತಿಸಿ ಹೆಸರಿಟ್ಟದ್ದು ಇದನ್ನೇ: ಒಂದು ವಿಷಯವನ್ನು ಕಲಿಸುವುದಕ್ಕೆಂದೇ ಬೇಕಾಗುವ, ಆ ವಿಷಯದ ಪಂಡಿತರಿಗೂ ಇಲ್ಲದ ತಿಳಿವಳಿಕೆ. ಮಕ್ಕಳು ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ, ಯಾವ ಉದಾಹರಣೆ ಅದನ್ನು ಹೊರಗೆ ತರುತ್ತದೆ ಎಂಬ ತಿಳಿವಳಿಕೆ.

ತರಬೇತಿ ಕಾಲೇಜುಗಳಲ್ಲಿ ಇದನ್ನು ಕಲಿಸಬಹುದು, ದುಬಾರಿಯ ಕೆಲಸವೇನಲ್ಲ. ಹತ್ತಿರದ ಶಾಲೆಯಿಂದ ಒಂದು ತರಗತಿಯ ಮೂವತ್ತು ನೋಟ್‌ಪುಸ್ತಕ ತನ್ನಿ. ಒಂದೇ ಲೆಕ್ಕವನ್ನು ಎಲ್ಲ ಪುಸ್ತಕದಲ್ಲೂ ತೆರೆದಿಡಿ. ಅಂಕ ಹಾಕಬೇಡಿ, ಒಂದೇ ಬಗೆಯ ತಪ್ಪು ಉತ್ತರಗಳನ್ನು ಒಂದೊಂದು ಗುಡ್ಡೆ ಮಾಡಿ. ನಾಲ್ಕೈದು ಗುಡ್ಡೆಗಳಾಗುತ್ತವೆ, ಒಂದಷ್ಟು ಯಾವುದಕ್ಕೂ ಸೇರದೆ ಉಳಿಯುತ್ತವೆ. ಪ್ರತಿ ಗುಡ್ಡೆಗೂ ತರಬೇತಿಯಲ್ಲಿರುವವರು ಒಂದು ಹಾಳೆ ಬರೆಯಲಿ: ಈ ಉತ್ತರ ಬರಬೇಕಾದರೆ ಮಗು ಏನು ಯೋಚಿಸಿರಬೇಕು, ಈ ಯೋಚನೆಯನ್ನು ಖಚಿತಪಡಿಸಿಕೊಳ್ಳಲು ಇನ್ನೊಂದು ಪ್ರಶ್ನೆ ಯಾವುದು, ನಾಳೆ ಏನು ಮಾಡುವುದು. ಕೆಲವು ಮಕ್ಕಳನ್ನು ಕೂರಿಸಿಕೊಂಡು ‘ಇದನ್ನು ಹೇಗೆ ಮಾಡಿದೆ, ಹೇಳು’ ಎಂದು ಕೇಳಿ ತಮ್ಮ ಊಹೆ ಸರಿಯೇ ಎಂದು ನೋಡಲಿ. ಊಹೆ ಅನೇಕ ಸಲ ತಪ್ಪಿರುತ್ತದೆ. ಆ ಪಾಠವೂ ಬೇಕಾದದ್ದೇ. ‘ಮಕ್ಕಳು ದಶಮಾಂಶದ ಪರಿಕಲ್ಪನೆಯನ್ನು ಅರಿತುಕೊಳ್ಳುವರು’ ಎಂದು ಪಾಠಯೋಜನೆಯ ಮೊದಲ ಸಾಲಿನಲ್ಲಿ ಬರೆಸುವ ಬದಲು ‘ಈ ಪಾಠದಲ್ಲಿ ಬರಬಹುದಾದ ಮೂರು ತಪ್ಪುಗಳು’ ಎಂದು ಬರೆಸಿ ನೋಡಿ. ಯೋಜನೆಯ ಉಳಿದ ಭಾಗವೂ ತಾನಾಗಿ ಬದಲಾಗುತ್ತದೆ.

ಸೂಕ್ಷ್ಮ ಬೋಧನೆಯ ಬಗ್ಗೆ ಎರಡು ಮಾತು. 1963ರ ಹೊತ್ತಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ನಾಲ್ಕೈದು ಮಕ್ಕಳು, ಐದು ಹತ್ತು ನಿಮಿಷದ ಪಾಠ, ಒಂದೇ ಕೌಶಲ, ತಕ್ಷಣ ವಿಮರ್ಶೆ, ಆಮೇಲೆ ಅದೇ ಪಾಠವನ್ನು ತಿದ್ದಿ ಇನ್ನೊಂದು ಸಲ. ಇದರ ಜೀವ ಇರುವುದು ಕೊನೆಯ ಭಾಗದಲ್ಲಿ, ಮತ್ತೆ ಮಾಡುವುದರಲ್ಲಿ. ಸಮಯ ಸಾಲದೆಂದು ಮೊದಲು ಕೈಬಿಡುವುದೂ ಅದನ್ನೇ. ಇನ್ನೊಂದು ತೊಂದರೆ, ಸಹಪಾಠಿಗಳೇ ಮಕ್ಕಳಂತೆ ಕೂರುವುದು. ಅವರು ತಪ್ಪು ಉತ್ತರವನ್ನು ಮಗುವಿನ ಹಾಗೆ ಹೇಳಲಾರರು, ಸುಮ್ಮನೆ ಸಹಕರಿಸುತ್ತಾರೆ. ನಿಜವಾದ ಮಕ್ಕಳು ಸಿಗದಿದ್ದರೆ ಗುಡ್ಡೆ ಮಾಡಿದ ಆ ತಪ್ಪುಗಳನ್ನೇ ಚೀಟಿಯಲ್ಲಿ ಬರೆದು ಸಹಪಾಠಿಗಳಿಗೆ ಹಂಚಿ: ‘ನೀವು ಈ ತಪ್ಪು ಯೋಚನೆಯ ಹುಡುಗ, ಕೊನೆಯವರೆಗೂ ಹಾಗೆಯೇ ಉತ್ತರಿಸಿ.’ ಪಾಠ ಮಾಡುವವರಿಗೆ ಚೀಟಿಯಲ್ಲಿ ಏನಿದೆ ಎಂದು ಗೊತ್ತಿರಬಾರದು.

ಕೌಶಲ ಎಷ್ಟು ಚಿಕ್ಕದಿರಬಹುದು ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ, ಸ್ವಲ್ಪ ದಾರಿ ಬಿಟ್ಟು ಹೋದಂತಾದರೂ ಚಿಂತೆಯಿಲ್ಲ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣಗಳನ್ನು ಅಳೆದು ನೋಡಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು. ಮಗು ಉತ್ತರ ಹೇಳಿದ ಮೇಲೆ ಮತ್ತೆ ಬಾಯಿ ತೆರೆಯಲು ಅಷ್ಟೂ ಹೊತ್ತಿಲ್ಲ. ಇದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು, ಶಿಕ್ಷಕರು ಹೆಸರಿಡಿದು ಪ್ರಶ್ನಿಸದಿದ್ದರೂ ತಾವಾಗಿ ಉತ್ತರಿಸುವ ಮಕ್ಕಳು ಹೆಚ್ಚಾದರು. ಮೂರು ಸೆಕೆಂಡು! ಆದರೆ ತರಗತಿಯ ಮುಂದೆ ನಿಂತವರಿಗೆ ಆ ಮೂರು ಸೆಕೆಂಡಿನ ಮೌನ ಬಹಳ ದೊಡ್ಡದೆನಿಸುತ್ತದೆ, ಹೊಸಬರಿಗಂತೂ ತಮಗೇ ಪಾಠ ತಪ್ಪಿತೇನೋ ಎನ್ನಿಸುತ್ತದೆ. ‘ಕಾಯಿರಿ’ ಎಂದು ಹೇಳಿ ಕಳಿಸಿದರೆ ಯಾರೂ ಕಾಯುವುದಿಲ್ಲ. ಬೆರಳು ಮಡಚುತ್ತಾ ಎಣಿಸಿ ಕಾಯುವುದನ್ನು ಎರಡು ವಾರ ಅಭ್ಯಾಸ ಮಾಡಿ, ಬೇರೊಬ್ಬರು ಹಿಂದೆ ಕೂತು ಗಡಿಯಾರ ನೋಡಿ ಬರೆದುಕೊಂಡಾಗ ಮಾತ್ರ ಅದು ಅಭ್ಯಾಸಕ್ಕೆ ಬೀಳುತ್ತದೆ.

ಹಿಂದೆ ಕೂರುವ ಆ ವ್ಯಕ್ತಿಗೆ ಬರೋಣ. ಮಾರ್ಗದರ್ಶಿ ಶಿಕ್ಷಕರನ್ನು ನಾವು ಸಾಮಾನ್ಯವಾಗಿ ಆರಿಸುವುದು ಸೇವಾ ಹಿರಿತನ ನೋಡಿ. ಚೆನ್ನಾಗಿ ಪಾಠ ಮಾಡುವವರೆಲ್ಲ ಚೆನ್ನಾಗಿ ಮಾರ್ಗದರ್ಶನ ಮಾಡುತ್ತಾರೆಂದು ಹೇಳಲಾಗದು. ಕೈಗೆ ಬಂದ ವಿದ್ಯೆಯನ್ನು ಮಾತಿಗೆ ತರುವುದು ಬೇರೆಯದೇ ಕೆಲಸ. ‘ನಿಮ್ಮ ತರಗತಿಯಲ್ಲಿ ಮಕ್ಕಳು ಹೇಗೆ ಅಷ್ಟು ಬೇಗ ಕೆಲಸಕ್ಕೆ ಕೂರುತ್ತಾರೆ?’ ಎಂದು ಕೇಳಿ ನೋಡಿ. ‘ಅನುಭವದಿಂದ ಬರುತ್ತದೆ’ ಎಂದರೆ ಅವರು ಹೊಸಬರಿಗೆ ಹೆಚ್ಚು ನೆರವಾಗಲಾರರು. ‘ನಾನು ಬಾಗಿಲಲ್ಲೇ ನಿಂತಿರುತ್ತೇನೆ, ಒಳಬರುವಾಗಲೇ ಬೋರ್ಡಿನ ಮೇಲೆ ಎರಡು ಲೆಕ್ಕ ಬರೆದಿಟ್ಟಿರುತ್ತೇನೆ, ಹಾಜರಿ ಅದಾದ ಮೇಲೆ’ ಎನ್ನುವವರು ಬೇಕು. ಮತ್ತೊಂದು, ವಿಷಯ ಒಂದೇ ಇರಬೇಕು. ಅಮೆರಿಕದ ಹೊಸ ಶಿಕ್ಷಕರ ಮೇಲೆ ಥಾಮಸ್ ಸ್ಮಿತ್ ಮತ್ತು ರಿಚರ್ಡ್ ಇಂಗರ್‌ಸಾಲ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸ ಬಿಟ್ಟು ಹೋಗದಂತೆ ತಡೆಯುವಲ್ಲಿ ಹೆಚ್ಚು ಪ್ರಭಾವ ಕಂಡದ್ದು ಎರಡು ಸಂಗತಿಗಳಲ್ಲಿ: ತಮ್ಮದೇ ವಿಷಯದ ಮಾರ್ಗದರ್ಶಿ, ಮತ್ತು ಅದೇ ವಿಷಯದ ಶಿಕ್ಷಕರ ಜೊತೆ ಕೂತು ಪಾಠ ಸಿದ್ಧಪಡಿಸುವ ಸಮಯ. ಭಾಷೆಯ ಶಿಕ್ಷಕರು ಗಣಿತದ ತರಗತಿಯಲ್ಲಿ ಕೂತರೆ ಗಲಾಟೆಯನ್ನು ಗುರುತಿಸಬಲ್ಲರು, 0.8ರ ಹಿಂದಿರುವ ತಪ್ಪನ್ನು ಗುರುತಿಸಲಾರರು. ಚಿಕ್ಕ ಶಾಲೆಯಲ್ಲಿ ಒಂದು ವಿಷಯಕ್ಕೆ ಒಬ್ಬರೇ ಇರುತ್ತಾರಲ್ಲ ಎನ್ನಬಹುದು. ಹಾಗಿದ್ದರೆ ತರಗತಿ ನಿರ್ವಹಣೆಗೆ ಅದೇ ಶಾಲೆಯವರು, ವಿಷಯಕ್ಕೆ ಪಕ್ಕದ ಶಾಲೆಯವರು ಎಂದು ಇಬ್ಬರನ್ನು ಕೊಡಿ.

ತರಗತಿ ವೀಕ್ಷಣೆಗೆ ಹೋಗುವಾಗ ಅಂಕಪಟ್ಟಿಯಂಥ ನಮೂನೆ ಒಯ್ಯಬೇಡಿ. ಒಂದು ನೋಟ್‌ಪುಸ್ತಕ ಸಾಕು. ಪುಟಕ್ಕೆ ಮೂರು ಕಾಲಂ ಗೆರೆ ಎಳೆಯಿರಿ: ಸಮಯ, ಶಿಕ್ಷಕರು ಆಡಿದ್ದು ಮಾಡಿದ್ದು, ಮಕ್ಕಳು ಆಡಿದ್ದು ಮಾಡಿದ್ದು. ಬರಹ ಹೀಗಿರುತ್ತದೆ.

10:12. ‘ಎಲ್ಲರಿಗೂ ಅರ್ಥವಾಯ್ತಾ?’ ಮುಂದಿನ ಎರಡು ಸಾಲಿನಿಂದ ‘ಹೂಂ’. ಕಿಟಕಿ ಪಕ್ಕದ ಇಬ್ಬರು ಇನ್ನೂ ಬೋರ್ಡಿನದನ್ನು ಬರೆದುಕೊಳ್ಳುತ್ತಿದ್ದಾರೆ.
10:13. ‘0.35, 0.8, ಯಾವುದು ದೊಡ್ಡದು?’ ಒಂದು ಸೆಕೆಂಡು. ಕೈಯೆತ್ತಿದವರು 7. ಎರಡನೇ ಸಾಲಿನ ಹುಡುಗಿ: ‘0.8.’ ಶಿಕ್ಷಕಿ: ‘ವೆರಿ ಗುಡ್.’ ಮುಂದಿನ ಲೆಕ್ಕ.
10:17. ಅಭ್ಯಾಸದ ಲೆಕ್ಕಗಳು. 34 ಮಕ್ಕಳಲ್ಲಿ 11 ಮಂದಿ ಬರೆಯಲು ಶುರುಮಾಡಿಲ್ಲ. ಶಿಕ್ಷಕಿ ಮೇಜಿನ ಬಳಿ ಹಿಂದಿನ ದಿನದ ಪುಸ್ತಕ ತಿದ್ದುತ್ತಿದ್ದಾರೆ.

ಇದರಲ್ಲಿ ‘ಚೆನ್ನಾಗಿ’, ‘ನೀರಸವಾಗಿ’, ‘ಆತ್ಮವಿಶ್ವಾಸದಿಂದ’ ಎಂಬಂಥ ಪದ ಒಂದೂ ಇಲ್ಲ ಎನ್ನುವುದನ್ನು ಗಮನಿಸಿ. ಅಂಥ ಪದ ಕೇಳಿದ ಕೂಡಲೇ ಹೊಸಬರು ತಮ್ಮನ್ನು ಸಮರ್ಥಿಸಿಕೊಳ್ಳಲು ಶುರುಮಾಡುತ್ತಾರೆ, ಅದು ಸಹಜ. ‘11 ಮಂದಿ ಬರೆಯಲು ಶುರುಮಾಡಿರಲಿಲ್ಲ’ ಎಂದರೆ ವಾದಕ್ಕೆ ಜಾಗವಿಲ್ಲ. ‘ಹೌದಾ, ಯಾರು ಯಾರು?’ ಎಂದೇ ಮಾತು ಮುಂದುವರಿಯುತ್ತದೆ. ಪಾಠದ ನಡುವೆ ಎದ್ದು ತಿದ್ದಬೇಡಿ. ಮಕ್ಕಳಿಗೆ ಅಪಾಯವಾಗುವ ಸಂದರ್ಭ ಬಿಟ್ಟು ಉಳಿದ ಯಾವ ಕಾರಣಕ್ಕೂ ಬೇಡ. ಒಮ್ಮೆ ಹಾಗೆ ಮಾಡಿದರೆ ಆ ತರಗತಿಯ ಮಕ್ಕಳ ಕಣ್ಣಲ್ಲಿ ಹೊಸ ಶಿಕ್ಷಕರ ಸ್ಥಾನ ಕುಸಿಯುತ್ತದೆ, ಅದನ್ನು ಮರಳಿ ಕಟ್ಟಲು ತಿಂಗಳುಗಳು ಬೇಕು.

ಪಾಠದ ನಂತರದ ಮಾತುಕತೆ ಅದೇ ದಿನ, ತಪ್ಪಿದರೆ ಮರುದಿನ ಆಗಬೇಕು. ಇಪ್ಪತ್ತು ನಿಮಿಷ ಸಾಕು. ಮೊದಲ ಮೂರ್ನಾಲ್ಕು ನಿಮಿಷ ಪುಟವನ್ನು ಅವರ ಕೈಗೆ ಕೊಟ್ಟು ಓದಲು ಬಿಡಿ. ಆಮೇಲೆ ‘ನಿಮಗೆ ಏನು ಕಾಣಿಸುತ್ತಿದೆ?’ ಎಂದು ಕೇಳಿ, ಇಲ್ಲೂ ಮೂರು ಸೆಕೆಂಡಿನ ನಿಯಮ ಅನ್ವಯಿಸುತ್ತದೆ. ನಂತರ ಒಂದೇ ಒಂದು ಸಂಗತಿ ಆರಿಸಿಕೊಳ್ಳಿ. ನಿಮಗೆ ಹನ್ನೆರಡು ಕಂಡಿರುತ್ತವೆ, ಹನ್ನೆರಡನ್ನೂ ಹೇಳುವ ಆಸೆ ಆಗುತ್ತದೆ. ಹೇಳಿದರೆ ಒಂದೂ ಉಳಿಯುವುದಿಲ್ಲ. ಯಾವುದನ್ನು ಆರಿಸುವುದು? ಒಂದು ವಾರದಲ್ಲಿ ಮಾಡಿ ತೋರಿಸಬಹುದಾದದ್ದು, ಮತ್ತು ಮಾಡಿದರೆ ಮಕ್ಕಳ ಕಡೆಯ ಕಾಲಂನಲ್ಲಿ ಬದಲಾವಣೆ ಕಾಣುವಂಥದ್ದು. ಮಕ್ಕಳು ಕೇಳಿಸಿಕೊಳ್ಳುತ್ತಲೇ ಇಲ್ಲ ಎಂದಾದರೆ ಮೊದಲು ಅದು, ದಶಮಾಂಶದ ಸೂಕ್ಷ್ಮ ಆಮೇಲೆ. ಗೋಡೆಯ ಚಾರ್ಟು, ಅಕ್ಷರದ ಅಂದ ಇವೆಲ್ಲ ಕಾಯಲಿ.

ಇನ್ನುಳಿದ ಅರ್ಧ ಸಮಯ ಎದ್ದು ನಿಂತು ಮಾಡಿ ನೋಡುವುದಕ್ಕೆ. ಹೆಚ್ಚಿನ ಕಡೆ ಇದೇ ಆಗುವುದಿಲ್ಲ. ಕೂತು ಮಾತಾಡಿ ಏಳುತ್ತಾರೆ. ಖಾಲಿ ತರಗತಿಗೆ ಹೋಗಿ, ಹೊಸ ಶಿಕ್ಷಕಿ ಚಾಕ್ ಹಿಡಿದು ನಿಲ್ಲಲಿ, ನೀವು ಎರಡನೇ ಸಾಲಿನ ಹುಡುಗಿಯಾಗಿ. ‘0.8.’ ಈಗ ಅವರು ‘ವೆರಿ ಗುಡ್’ ಎನ್ನದೆ ‘ಹೇಗೆ ಗೊತ್ತಾಯಿತು?’ ಎಂದು ಕೇಳಬೇಕು. ನೀವು ‘ಅದರಲ್ಲಿ ಒಂದೇ ಅಂಕಿ ಇದೆ, ಅದಕ್ಕೆ’ ಎನ್ನಿ. ಅವರು ತಡವರಿಸುತ್ತಾರೆ. ಒಳ್ಳೆಯದು, ಮಕ್ಕಳ ಮುಂದೆ ತಡವರಿಸುವ ಬದಲು ಇಲ್ಲೇ ಆಯಿತಲ್ಲ. ಇನ್ನೊಮ್ಮೆ ಮಾಡಿ. ಕೊನೆಗೆ ಎರಡು ಸಾಲು ಬರೆದಿಟ್ಟುಕೊಳ್ಳಿ: ಏನು ಮಾಡುತ್ತೇವೆ, ನೋಡಲು ಮತ್ತೆ ಯಾವಾಗ ಬರುತ್ತೇನೆ. ಮುಂದಿನ ಸಲ ಆ ಎರಡು ಸಾಲಿನಿಂದಲೇ ಶುರು.

ಹೊಸಬರು ನಿಮ್ಮ ಪ್ರತಿರೂಪವಾಗಬೇಕಿಲ್ಲ. ನಿಮ್ಮ ದನಿ ದೊಡ್ಡದು, ಅವರದು ಮೆತ್ತಗಿರಬಹುದು. ಮೆತ್ತನೆಯ ದನಿಯಲ್ಲೂ ತರಗತಿಯನ್ನು ಹಿಡಿದಿಡುವ ದಾರಿಗಳಿವೆ, ಅದನ್ನು ಹುಡುಕುವುದರಲ್ಲಿ ನೆರವಾಗಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬಾರದು. ಮಾರ್ಗದರ್ಶನ ಮಾಡುವವರು ಮೌಲ್ಯಮಾಪನ ಮಾಡಬಾರದು. ಬಡ್ತಿಗೋ ಕೆಲಸ ಖಾಯಂ ಆಗುವುದಕ್ಕೋ ವರದಿ ಬರೆಯುವವರೇ ಹಿಂದಿನ ಬೆಂಚಿನಲ್ಲಿ ಕೂತರೆ ಹೊಸಬರು ಅವತ್ತು ತಮಗೆ ಚೆನ್ನಾಗಿ ಬರುವ ಪಾಠವನ್ನೇ ಮಾಡುತ್ತಾರೆ. ಬಾರದ ಪಾಠವನ್ನು ತೋರಿಸುವುದಿಲ್ಲ. ನೆರವು ಬೇಕಾಗಿರುವುದು ಅಲ್ಲಿಯೇ. ಮುಖ್ಯ ಶಿಕ್ಷಕರು ಇಲ್ಲಿದ್ದರೆ ಅವರಿಗೊಂದು ವಿನಂತಿ: ಆ ಮೂರು ಕಾಲಂಗಳ ಪುಸ್ತಕವನ್ನು ತರಿಸಿ ನೋಡಬೇಡಿ. ಅದು ಹೊಸ ಶಿಕ್ಷಕರ ಸ್ವತ್ತು, ಅವರ ಬಳಿಯೇ ಇರಲಿ. ಭೇಟಿ ನಡೆಯಿತೇ ಇಲ್ಲವೇ ಎಂಬುದಕ್ಕೆ ದಿನಾಂಕಗಳ ಪಟ್ಟಿ ಸಾಕು.

ಇನ್ನು ಸಮಯ. ಇದರ ಲೆಕ್ಕ ಹಾಕದೆ ಮಾರ್ಗದರ್ಶನದ ಆದೇಶ ಹೊರಡಿಸಿದರೆ ಅದು ರಿಜಿಸ್ಟರಿನಲ್ಲಷ್ಟೇ ನಡೆಯುತ್ತದೆ. ಒಬ್ಬ ಹೊಸ ಶಿಕ್ಷಕರಿಗೆ ವಾರಕ್ಕೆ ಒಂದು ವೀಕ್ಷಣೆ, ಒಂದು ಮಾತುಕತೆ ಎಂದಿಟ್ಟುಕೊಳ್ಳಿ. ಮಾರ್ಗದರ್ಶಿಗೆ ಎರಡು ಪೀರಿಯಡ್ ಬಿಡುವು ಬೇಕು, ಅದರಲ್ಲಿ ಒಂದು ಹೊಸಬರ ಪಾಠದ ಪೀರಿಯಡ್ಡಿಗೆ ಸರಿಹೊಂದಬೇಕು, ಇನ್ನೊಂದು ಇಬ್ಬರಿಗೂ ಬಿಡುವಿರುವಾಗ ಬೀಳಬೇಕು. ಹೊಸಬರು ಬೇರೆಯವರ ಪಾಠ ನೋಡಲು ಇನ್ನೊಂದು ಪೀರಿಯಡ್. ಒಬ್ಬ ಮಾರ್ಗದರ್ಶಿಗೆ ನಾಲ್ಕು ಮಂದಿಯನ್ನು ಕೊಟ್ಟರೆ ವಾರಕ್ಕೆ ಎಂಟು ಪೀರಿಯಡ್ ಆಯಿತು. ಪೂರ್ಣ ಬೋಧನಾ ಹೊರೆ ಇಟ್ಟುಕೊಂಡು ಇದು ಸಾಧ್ಯವಿಲ್ಲ. ಇಂಗ್ಲೆಂಡಿನಲ್ಲಿ 2021ರ ಸೆಪ್ಟೆಂಬರಿನಿಂದ ಹೊಸ ಶಿಕ್ಷಕರ ಆರಂಭಿಕ ಅವಧಿಯನ್ನು ಎರಡು ವರ್ಷಕ್ಕೆ ಏರಿಸಿ, ಮೊದಲ ವರ್ಷ ಅವರ ಬೋಧನಾ ವೇಳೆಯಲ್ಲಿ 10%, ಎರಡನೇ ವರ್ಷ 5% ಕಡಿತ ಕೊಟ್ಟರು. ವಾರಕ್ಕೆ 30 ಪೀರಿಯಡ್ ತೆಗೆದುಕೊಳ್ಳುವವರಿಗೆ 10% ಎಂದರೆ ಮೂರು ಪೀರಿಯಡ್. ಮಹಾ ದೊಡ್ಡ ಕೊಡುಗೆಯೇನಲ್ಲ, ಆದರೆ ನಿಯಮದಲ್ಲೇ ಬರೆದಿಟ್ಟದ್ದು.

ಬರೆದಿಡುವುದು ಯಾಕೆ ಮುಖ್ಯ ಎಂದರೆ ಬಿಡುವಿನ ಪೀರಿಯಡ್‌ಗಳನ್ನು ನುಂಗುವುದು ರಜೆ ಹಾಕಿದವರ ತರಗತಿಗಳು. ಟೈಮ್‌ಟೇಬಲ್ಲಿನಲ್ಲಿ ಆ ಚೌಕ ಖಾಲಿ ಕಂಡರೆ ಸಾಕು, ‘ಮೇಡಂ, ನೀವು ಫ್ರೀ ಇದ್ದೀರಲ್ಲ, ಏಳನೇ ತರಗತಿಗೆ ಹೋಗಿ’. ಆ ಚೌಕವನ್ನು ಖಾಲಿ ಬಿಡಬೇಡಿ. ತರಗತಿಯ ಹೆಸರು ಬರೆಯುವಂತೆಯೇ ‘ವೀಕ್ಷಣೆ’ ಎಂದು ಬರೆಯಿರಿ. ತೆಗೆದುಕೊಳ್ಳಲೇಬೇಕಾಗಿ ಬಂದರೆ ಅದೇ ವಾರದೊಳಗೆ ಹಿಂದಿರುಗಿಸಬೇಕು ಎಂದು ಮೊದಲೇ ಮಾತಾಗಲಿ.

ಅದೇ ಕೈಯಲ್ಲಿ ಇನ್ನೊಂದನ್ನೂ ಸರಿಮಾಡಬಹುದು. ಯಾರಿಗೂ ಬೇಡವಾದ ತರಗತಿ, ಮೂರು ಬೇರೆ ಬೇರೆ ವಿಷಯ, ವಾರ್ಷಿಕೋತ್ಸವದ ಹೊಣೆ, ಎಲ್ಲವೂ ಹೊಸಬರ ತಲೆಗೇ ಬರುವುದು ಎಷ್ಟೋ ಶಾಲೆಗಳಲ್ಲಿ ರೂಢಿಯಾಗಿದೆ. ಮೊದಲ ವರ್ಷ ಒಂದೇ ವಿಷಯವನ್ನು ಎರಡು ಮೂರು ವಿಭಾಗಗಳಿಗೆ ಕೊಡಿ. ಸೋಮವಾರ ಒಂದು ವಿಭಾಗದಲ್ಲಿ ತಪ್ಪಿದ ಪಾಠವನ್ನು ಮಂಗಳವಾರ ಇನ್ನೊಂದರಲ್ಲಿ ತಿದ್ದಿ ಮಾಡುವ ಅವಕಾಶ ಅದರಿಂದ ಸಿಗುತ್ತದೆ.

ಕಾರ್ಯಾಗಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ದಿನ ಕೂತು ಕೇಳಿದ್ದು ಮೂರನೇ ದಿನ ತರಗತಿಯಲ್ಲಿ ಕಾಣುವುದಿಲ್ಲ ಎಂಬುದು ನಿಮಗೇ ಗೊತ್ತು. ಹೊಸ ವಿಚಾರ ಹೊತ್ತು ತರಲು ಅವು ಬೇಕು, ಅದು ಅಭ್ಯಾಸವಾಗುವುದು ಮಾತ್ರ ಶಾಲೆಗೆ ಮರಳಿದ ಮೇಲೆ ಯಾರಾದರೂ ಜೊತೆಗಿದ್ದರೆ. ಆದರೆ ಜೊತೆಗಿರುವ ಈ ವ್ಯವಸ್ಥೆಯನ್ನೂ ಅವಸರದಲ್ಲಿ ಹಿಗ್ಗಿಸಬಾರದು. ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು 2018ರಲ್ಲಿ ಇಂಥ 60 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಬೋಧನೆಯೂ ಮಕ್ಕಳ ಕಲಿಕೆಯೂ ಉತ್ತಮವಾದದ್ದು ಕಂಡಿತು. ಕಾರ್ಯಕ್ರಮ ದೊಡ್ಡದಾದಂತೆ ಪರಿಣಾಮ ತಗ್ಗುತ್ತಾ ಹೋದದ್ದೂ ಕಂಡಿತು. ನಲವತ್ತು ಒಳ್ಳೆಯ ಮಾರ್ಗದರ್ಶಿಗಳನ್ನು ಹುಡುಕುವುದು ಒಂದು ಮಾತು, ನಾಲ್ಕು ಸಾವಿರ ಮಂದಿಯನ್ನು ಒಂದೇ ವರ್ಷದಲ್ಲಿ ನೇಮಿಸುವುದು ಇನ್ನೊಂದು.

ಅಂದರೆ ಮಾರ್ಗದರ್ಶಿಗಳ ತರಬೇತಿಯೂ ಅಷ್ಟೇ ಕಾಳಜಿಯಿಂದ ಆಗಬೇಕು. ಅದಕ್ಕೆ ಒಂದು ಅಭ್ಯಾಸ ಹೇಳುತ್ತೇನೆ, ನಾಳೆಯೇ ಶುರುಮಾಡಬಹುದು. ಯಾವುದಾದರೂ ತರಗತಿಯ ಹತ್ತು ನಿಮಿಷದ ವಿಡಿಯೊ, ಶಿಕ್ಷಕರ ಒಪ್ಪಿಗೆ ಪಡೆದು ತೆಗೆದದ್ದು. ಕ್ಯಾಮೆರಾ ಮಕ್ಕಳ ಕಡೆಗಿರಲಿ, ಬೋರ್ಡಿನ ಕಡೆಗಲ್ಲ. ಆರು ಮಂದಿ ಮಾರ್ಗದರ್ಶಿಗಳು ಒಬ್ಬರೊಡನೊಬ್ಬರು ಮಾತಾಡದೆ ತಂತಮ್ಮ ಪುಸ್ತಕದಲ್ಲಿ ಮೂರು ಕಾಲಂ ತುಂಬಲಿ. ಮುಗಿದ ಮೇಲೆ ಪುಸ್ತಕ ಅದಲುಬದಲು ಮಾಡಿಕೊಂಡು, ಕಣ್ಣಿಗೆ ಕಾಣದ, ಕಿವಿಗೆ ಕೇಳದ ಎಲ್ಲವನ್ನೂ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಲಿ: ‘ಆಸಕ್ತಿ ಮೂಡಿಸಿದರು’, ‘ತಯಾರಿ ಸಾಲದು’, ‘ಮಕ್ಕಳಿಗೆ ಅರ್ಥವಾಗಲಿಲ್ಲ’. ಮೊದಲ ಸಲ ಪುಟದಲ್ಲಿ ಕೆಂಪೇ ಹೆಚ್ಚು. ಉಳಿದ ಸಾಲುಗಳನ್ನು ಇಟ್ಟುಕೊಂಡು, ಆ ಶಿಕ್ಷಕರಿಗೆ ಹೇಳಬೇಕಾದ ಒಂದೇ ಸಂಗತಿ ಯಾವುದೆಂದು ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಬರೆಯಲಿ, ಆರೂ ಚೀಟಿಗಳನ್ನು ಮೇಜಿನ ಮೇಲೆ ಹರಡಲಿ. ಆರು ಬೇರೆ ಬೇರೆ ಸಂಗತಿಗಳಿದ್ದರೆ ಅದೇ ವಿಡಿಯೊವನ್ನು ಮತ್ತೆ ಹಾಕಿ.